ಉಪ್ಪುಗಾಳಿಗೆ ಒಗ್ಗುವ ಕಟ್ಟಡ

ಕಡಲ ಕರೆಯಲ್ಲಿ ವಸತಿಗೃಹ ಕಟ್ಟಬಯಸುವ ನಮ್ಮ ಬಂಧುಗಳಿಗೆ ಕೆಲವು ಮಾತು

ಮಳೆಗಾಲ ಕಳೆದ ಬಳಿಕದ ಒಂದು ಆದಿತ್ಯವಾರ ನಾವು ಮಾಲಾಡ್ ನಿಲ್ದಾಣದಲ್ಲಿ ಇಳಿದು, ಮಾರ್ವೆಯ ಕಡವಿನಲ್ಲಿ ದೋಣಿ ಹತ್ತಿ ಮನೋರಿಗೆ ದಾಟಿದೆವು. ಜೊತೆಯಲ್ಲಿ ನಮ್ಮ ಹಳೆಯ ಮಿತ್ರರೊಬ್ಬರಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ತೊಡಗಿ ಗಲ್ಲಾದವರೆಗೆ ಏರಿದವರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಈಗ ಅವರಿಗೆ ಅರುವತ್ತು ಸಮೀಪಿಸಿದೆ. ಊರಿನಲ್ಲಿ, ಕಡಲಿನ ಮೊರೆತ ಕೇಳುವಷ್ಟು ಹತ್ತಿರದಲ್ಲಿ, ಅವರ ಪಾಲಿಗೆ ಬಂದ ಹತ್ತು ಸೆಂಟ್ಸ್ ಜಾಗವಿದೆ. ಅಲ್ಲಿ ಪ್ರವಾಸಿಗರಿಗಾಗಿ ನಾಲ್ಕು ಕೋಣೆಗಳ ವಸತಿಗೃಹವೊಂದನ್ನು ಕಟ್ಟಿ, ಕೊನೆಗಾಲವನ್ನು ಅಲ್ಲಿಯೇ ಕಳೆಯಬೇಕೆಂಬುದು ಅವರ ಬಹುದಿನದ ಆಸೆ. ಅಳಿಯ ತಯಾರಿಸಿ ಕಳುಹಿದ ನಕ್ಷೆ ಅವರ ಚೀಲದಲ್ಲಿತ್ತು: ಚಪ್ಪಟೆಯ ತಾರಸಿ, ಕಡಲಿಗೆ ಮುಖಮಾಡಿದ ದೊಡ್ಡ ಗಾಜು, ಹೊರಗೆ ಚಾಚಿದ ಬಾಲ್ಕನಿ.

ಮನೋರಿಯಲ್ಲಿ ನಾವು ಎರಡು ಕಟ್ಟಡಗಳನ್ನು ಕಂಡೆವು. ಒಂದು, ದಂಡೆಗೆ ಅಂಟಿಕೊಂಡಂತೆ ಎದ್ದ ಎರಡಂತಸ್ತಿನ ಕಾಂಕ್ರೀಟು ಮನೆ. ಕಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲವೆಂದು ಪಕ್ಕದ ಅಂಗಡಿಯವನು ಹೇಳಿದ. ಆದರೂ ಬಾಲ್ಕನಿಯ ಅಡಿಭಾಗ ಚಕ್ಕೆ ಚಕ್ಕೆಯಾಗಿ ಉದುರಿ, ತುಕ್ಕು ಹಿಡಿದ ಸರಳುಗಳು ಪಕ್ಕೆಲುಬುಗಳಂತೆ ಹೊರಗೆ ಕಾಣುತ್ತಿದ್ದವು. ಮಹಡಿಯ ಕೋಣೆಗಳಿಗೆ ಬೀಗ ಬಿದ್ದಿತ್ತು. ಇನ್ನೊಂದು, ಸ್ವಲ್ಪ ಒಳಗೆ, ತೆಂಗಿನ ಮರಗಳ ಮರೆಯಲ್ಲಿದ್ದ ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬವೊಂದರ ಹಳೆಯ ಮನೆ. ದಪ್ಪನೆಯ ಗೋಡೆ, ಸುಣ್ಣದ ಗಾರೆ, ಸುತ್ತಲೂ ಜಗಲಿ, ಮೇಲೆ ಹಂಚಿನ ಮಾಡು. ಜಗಲಿಯಲ್ಲಿ ಪ್ರವಾಸಿಗರು ಚಹಾ ಕುಡಿಯುತ್ತ ಕುಳಿತಿದ್ದರು. ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ್ದ ಹಂಚುಗಳಲ್ಲಿ ಒಂದನ್ನು ಎತ್ತಿ, ಅದರ ಬೆನ್ನಿನ ಮುದ್ರೆಯನ್ನು ಬೆರಳಿನಿಂದ ಒರೆಸಿ ನೋಡಿದ ಮಿತ್ರರು, “ಇದು ನಮ್ಮ ಮಂಗಳೂರಿನದೇ!” ಎಂದರು. ಆದರೆ ಹಿಂದಿರುಗುವಾಗ ದೋಣಿಯಲ್ಲಿ ಅವರು ಆಡಿದ ಮಾತು ಬೇರೆ.

“ಮಾರಾಯರೇ, ಹಂಚಿನ ಮನೆಯಲ್ಲಿ ಹುಟ್ಟಿದೆ, ಸೋರುವ ಮಾಡಿನ ಅಡಿಯಲ್ಲಿ ಮಲಗಿದೆ. ಇಷ್ಟು ವರ್ಷ ಮುಂಬಯಿಯಲ್ಲಿ ದುಡಿದು, ಊರಿಗೆ ಹೋಗಿ ಪುನಃ ಹಂಚಿನ ಮನೆಯನ್ನೇ ಕಟ್ಟಿದರೆ ನಾಲ್ಕು ಜನ ಏನೆಂದಾರು?”

ಆ ಪ್ರಶ್ನೆಗೆ ತಕ್ಕ ಉತ್ತರ ನಮಗೆ ಆಗ ಹೊಳೆಯಲಿಲ್ಲ. ಇದು ಅವರೊಬ್ಬರ ಪ್ರಶ್ನೆಯೂ ಅಲ್ಲ. ಕಡಲ ತೀರಗಳಿಗೆ ಬರುವ ಪ್ರವಾಸಿಗರು ಹೆಚ್ಚುತ್ತಿದ್ದಾರೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಮುಂಬಯಿಯ ಭಟ್ಟಿಯ ಮುಂದೆ ಬೆವರಿಳಿಸಿ ಗಳಿಸಿದ ಹಣ ಮಲ್ಪೆ, ಮರವಂತೆ, ಅಲಿಬಾಗ್, ಗೊರಾಯಿಗಳ ಮರಳದಂಡೆಯ ಬಳಿ ಕಟ್ಟಡಗಳಾಗಿ ಏಳುತ್ತಿದೆ. ಜೀವಮಾನದಲ್ಲಿ ಒಮ್ಮೆ ಮಾತ್ರ ಕಟ್ಟಲು ಸಾಧ್ಯವಾಗುವವನು ಯಾವ ಸಾಮಗ್ರಿಯಿಂದ ಕಟ್ಟಬೇಕೆಂಬುದು ಸಣ್ಣ ಮಾತಲ್ಲ. ಆದುದರಿಂದ ದೋಣಿಯಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಬ್ಬಿಣ ಮತ್ತು ಉಪ್ಪು

ಕಾಂಕ್ರೀಟನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಒಳನಾಡಿನಲ್ಲಿ ಅದು ಒಳ್ಳೆಯ ಸೇವಕ. ಸಿಮೆಂಟಿನ ಕ್ಷಾರಗುಣದಿಂದಾಗಿ ಒಳಗಿನ ಸರಳಿಗೆ ಒಂದು ತೆಳುವಾದ ರಕ್ಷಾಕವಚ ಮೂಡುತ್ತದೆ; ಅದು ಇರುವ ತನಕ ಕಬ್ಬಿಣ ತುಕ್ಕು ಹಿಡಿಯದು. ಆದರೆ ಕಡಲಿನ ನೀರಿನಲ್ಲಿ ಲೀಟರೊಂದಕ್ಕೆ ಸುಮಾರು 35 ಗ್ರಾಂ ಉಪ್ಪಿದೆ. ತೆರೆ ಒಡೆದಾಗ ಹಾರುವ ತುಂತುರಿನೊಡನೆ ಈ ಉಪ್ಪು ಗಾಳಿಯಲ್ಲಿ ಸೇರಿ ಗೋಡೆಗೆ ಹತ್ತುತ್ತದೆ, ಕಾಂಕ್ರೀಟಿನ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಇಳಿಯುತ್ತ ಒಂದು ದಿನ ಸರಳನ್ನು ಮುಟ್ಟುತ್ತದೆ, ಆ ಕವಚವನ್ನು ಭೇದಿಸುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದುದರ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಹೊರಗಿನ ಕಾಂಕ್ರೀಟು ಬಿರಿಯುತ್ತದೆ. ಬಿರುಕಿನೊಳಗೆ ಇನ್ನಷ್ಟು ಉಪ್ಪುನೀರು ಹೊಗುತ್ತದೆ. ಮನೋರಿಯ ಬಾಲ್ಕನಿಗೆ ಆದುದು ಇದೇ. ಮೇಲಿಂದ ಬಣ್ಣ ಬಳಿದರೆ ರೋಗ ಮುಚ್ಚೀತೇ ಹೊರತು ಗುಣವಾಗದು.

ಎಂಜಿನಿಯರರು ಇದನ್ನು ಅರಿಯದವರಲ್ಲ. 2000ನೆಯ ಇಸವಿಯಲ್ಲಿ ಪರಿಷ್ಕರಿಸಲಾದ ಐ. ಎಸ್. 456 ಎಂಬ ಭಾರತೀಯ ಮಾನಕವು, ಸಾಧಾರಣ ಸ್ಥಳದಲ್ಲಿ ಸರಳಿನ ಮೇಲೆ 20 ಮಿಲ್ಲಿಮೀಟರ್ ಕಾಂಕ್ರೀಟಿನ ಹೊದಿಕೆ ಸಾಕೆಂದರೆ, ಕಡಲ ತೀರದ ಹವೆಗೆ ತೆರೆದ ಕಟ್ಟಡಕ್ಕೆ 45 ಮಿಲ್ಲಿಮೀಟರ್, ತುಂತುರು ಬಡಿಯುವಲ್ಲಿ 50 ಮಿಲ್ಲಿಮೀಟರ್ ಇರಬೇಕೆಂದು ವಿಧಿಸಿತು. ಕಾಂಕ್ರೀಟಿನ ಶಕ್ತಿಯೂ ಸಾಧಾರಣ ಸ್ಥಳದ ಎಂ 20ರ ಬದಲು ಕ್ರಮವಾಗಿ ಎಂ 30 ಮತ್ತು ಎಂ 35 ಇರಬೇಕು. ಕಲಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲ್ಲಿಗ್ರಾಮನ್ನು ಮೀರಬಾರದು. 45 ಮಿಲ್ಲಿಮೀಟರ್ ಎಂದರೆ ಎರಡಂಗುಲಕ್ಕೆ ತುಸು ಕಡಿಮೆ. ಊರಿನ ಮೇಸ್ತ್ರಿ ವಾಡಿಕೆಯಂತೆ ಒಂದಂಗುಲವನ್ನೂ ಬಿಡದೆ ಸರಳು ಕಟ್ಟಿದರೆ, ದಂಡೆಯ ಮರಳನ್ನು ತೊಳೆಯದೆ ಕಲಸಿದರೆ, ಬೇಸಗೆಯಲ್ಲಿ ಉಪ್ಪಾಗುವ ಬಾವಿಯ ನೀರನ್ನೇ ಉಣಿಸಿದರೆ, ವೈರಿಯನ್ನು ಮೊದಲ ದಿನವೇ ಮನೆಯೊಳಗೆ ಕರೆದು ಕೂರಿಸಿದಂತಾಯಿತು.

ಮುಂಬಯಿಯೇ ಸಾಕ್ಷಿ

ಇದಕ್ಕೆ ಸಾಕ್ಷಿ ಬೇಕಾದವರು ದೂರ ಹೋಗಬೇಕಾಗಿಲ್ಲ. ಕಾಲಾಘೋಡಾದಲ್ಲಿ ವಾಟ್ಸನ್ ಹೊಟೇಲೆಂದು ಪ್ರಸಿದ್ಧವಾಗಿದ್ದ ಕಟ್ಟಡವಿದೆ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕಹೊಯ್ದ ಕಬ್ಬಿಣದ ಕಂಬ-ತೊಲೆಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿ ಅದನ್ನು ನಿಲ್ಲಿಸಿದರು. 1896ರಲ್ಲಿ ಲುಮಿಯೇರ್ ಸಹೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊತ್ತಮೊದಲಿಗೆ ಪ್ರದರ್ಶಿತವಾದುದು ಅಲ್ಲಿಯೇ. ಹೊಟೇಲು ಹೋಗಿ ಅದು ಎಸ್‌ಪ್ಲನೇಡ್ ಮ್ಯಾನ್ಶನ್ ಆಯಿತು. ಆರೈಕೆಯಿಲ್ಲದೆ 2005ರಲ್ಲಿ ಅದರ ಒಂದು ಭಾಗ ಕುಸಿಯಿತು. 2019ರಲ್ಲಿ ಅಪಾಯಕಾರಿಯೆಂದು ಅಲ್ಲಿದ್ದವರನ್ನೆಲ್ಲ ತೆರವು ಮಾಡಿಸಲಾಯಿತು.

ಮೆರೀನ್ ಡ್ರೈವಿನ ಸಾಲುಮನೆಗಳು 1930 ಮತ್ತು 40ರ ದಶಕಗಳ ಕಾಂಕ್ರೀಟು ಕಟ್ಟಡಗಳು. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಅವನ್ನು, ಓವಲ್ ಮೈದಾನದ ಸುತ್ತಲಿನ ಕಟ್ಟಡಗಳೊಂದಿಗೆ, ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವು ಇಂದಿಗೂ ನಿಂತಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಅವುಗಳಿಗೆ ಆಗಾಗ ಕಟ್ಟುವ ಬಿದಿರಿನ ಅಟ್ಟಣಿಗೆಯನ್ನು ನೋಡಿದವರಿಗೆ, ಆ ನಿಲುವಿನ ಹಿಂದೆ ಎಷ್ಟು ದುರಸ್ತಿಯಿದೆ ಎಂಬುದು ತಿಳಿದೀತು. ಬಾಡಿಗೆಯ ನಾಲ್ಕು ಕೋಣೆಗಳ ಆದಾಯ ಅಷ್ಟು ದುರಸ್ತಿಯನ್ನು ತಾಳೀತೇ?

ಇನ್ನು ಗೇಟ್‌ವೇ ಆಫ್ ಇಂಡಿಯಾ. 1924ರಲ್ಲಿ ಉದ್ಘಾಟನೆಗೊಂಡ ಈ ಕಮಾನಿನ ಹಳದಿ ಬಸಾಲ್ಟ್ ಶಿಲೆ ಬಂದುದು ಖಾರೋಡಿಯಿಂದ. ಮಾಲಾಡಿನಿಂದ ಮಾರ್ವೆಗೆ ಹೋಗುವವರಿಗೆ ದಾರಿಯಲ್ಲಿ ಸಿಗುವ ಹಳ್ಳಿ ಅದು. ಶಿಲೆಯೊಡನೆ ಕಾಂಕ್ರೀಟೂ ಅದರಲ್ಲಿದೆ. ನೂರು ವರ್ಷಗಳಿಂದ ತೆರೆ ಅದರ ಪಾದವನ್ನು ತೊಳೆಯುತ್ತಿದೆ. 2023ರಲ್ಲಿ ಅದರ ಮೇಲ್ಮೈಯಲ್ಲಿ ಅಲ್ಲಲ್ಲಿ ಬಿರುಕು ಕಂಡುಬಂದಿದೆಯಾದರೂ ಒಟ್ಟು ಕಟ್ಟಡ ಸುಸ್ಥಿತಿಯಲ್ಲಿದೆಯೆಂದು ಲೋಕಸಭೆಗೆ ತಿಳಿಸಲಾಯಿತು. ಕಡಲೆದುರಿಗೆ ಹತ್ತಿರದ ಕಲ್ಲು ಎಷ್ಟು ಕಾಲ ಬಾಳಬಲ್ಲುದೆಂಬುದಕ್ಕೆ ಇಷ್ಟು ಸಾಕು.

ನಮ್ಮ ಊರಿನ ಹಂಚು

ಈಗ ಹಂಚಿನ ಮಾತು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಜೇಡಿಯು ಹಂಚಿಗೆ ಉತ್ತಮವೆಂದು ಕಂಡುಕೊಂಡ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೆ ಮೊದಲಿನಿಂದಲೂ ಹಾಯಿಹಡಗುಗಳಲ್ಲಿ ಹಂಚು ಮುಂಬಯಿಗೆ ಬರುತ್ತಿತ್ತು. ಗಿರ್ಗಾಂವದ ಚಾಳುಗಳ ಮೇಲೆ, ಖೋತಾಚಿವಾಡಿಯ ಮನೆಗಳ ಮೇಲೆ ಅದು ಕುಳಿತಿತು. ಮರಾಠಿ ಬಂಧುಗಳು ಇಂದಿಗೂ ಅದನ್ನು ‘ಮಂಗಲೋರಿ ಕೌಲು’ ಎಂದೇ ಕರೆಯುತ್ತಾರೆ. ನಮ್ಮ ಹಿರಿಯರು ಕೆಲಸ ಹುಡುಕಿಕೊಂಡು ಈ ನಗರಕ್ಕೆ ಬಂದಾಗ ತಲೆಯ ಮೇಲಿನ ಮಾಡು ಅವರಿಗಿಂತ ಮೊದಲೇ ಊರಿನಿಂದ ಬಂದು ಕಾಯುತ್ತಿತ್ತು ಎನ್ನಬಹುದು. ನಾಚಿಕೊಳ್ಳಬೇಕಾದ ವಸ್ತುವೇ ಇದು?

ಹಂಚಿಗೆ ಉಪ್ಪಿನ ಭಯವಿಲ್ಲ. ತುಕ್ಕು ಹಿಡಿಯುವಂಥದು ಅದರಲ್ಲಿ ಏನೂ ಇಲ್ಲ. ಇಳಿಜಾರಿನ ಮಾಡಿನಿಂದ ಮಳೆ ನೀರು ನಿಲ್ಲದೆ ಹರಿದುಹೋಗುತ್ತದೆ. ವರ್ಷಕ್ಕೆ 2,000 ಮಿಲ್ಲಿಮೀಟರಿಗೂ ಮೀರಿ ಸುರಿಯುವ ಮುಂಬಯಿಯಲ್ಲಿ, ಅದಕ್ಕಿಂತಲೂ ಹೆಚ್ಚು ಸುರಿಯುವ ನಮ್ಮ ಊರಿನಲ್ಲಿ, ಇದು ಸಣ್ಣ ಉಪಕಾರವಲ್ಲ. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುವುದರಿಂದ ಕೋಣೆ ತಂಪಾಗಿರುತ್ತದೆ, ವಿದ್ಯುತ್ತಿನ ಬಿಲ್ಲೂ ಇಳಿಯುತ್ತದೆ. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಿದರಾಯಿತು. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. 200 ಚದರ ಮೀಟರಿನ ಮಾಡಿಗೆ 3,000 ಹಂಚು ಸಾಕು.

ಆದರೆ ಹಂಚು ಸುಡುವುದಕ್ಕೂ ಸೌದೆ ಬೇಕು, ಮಣ್ಣೂ ಬೇಕು. ಆದುದರಿಂದ ಮೊದಲು ಹಳೆಯ ಹಂಚನ್ನು ಹುಡುಕುವುದು ಲೇಸು. ಊರಿನಲ್ಲಿಯೂ ಮುಂಬಯಿಯ ಸುತ್ತುಮುತ್ತಲೂ ಹಳೆಯ ಮನೆಗಳನ್ನು ಕೆಡವಿದಾಗ ಹಂಚು, ಸಾಗುವಾನಿಯ ತೊಲೆ, ಬಾಗಿಲು, ಕಿಟಕಿಗಳು ಮಾರಾಟಕ್ಕೆ ಬರುತ್ತವೆ. ಬೆರಳಿನಿಂದ ತಟ್ಟಿದಾಗ ಕಂಚಿನಂತೆ ದನಿಗೊಡುವ ಹಂಚನ್ನು ಆರಿಸಿಕೊಳ್ಳಬೇಕು. ಮಂದವಾಗಿ ಸದ್ದು ಮಾಡುವುದನ್ನು ಬಿಡಬೇಕು. ಹೊಸದಾಗಿ ಸುಡಬೇಕಾಗಿಲ್ಲದ ಹಂಚು ಎಲ್ಲಕ್ಕಿಂತ ಮಿತವ್ಯಯದ್ದು.

ಮುರಕಲ್ಲು, ಚಿಪ್ಪಿನ ಸುಣ್ಣ

ಗೋಡೆಗೆ ನಮ್ಮಲ್ಲಿ ಮುರಕಲ್ಲಿದೆ. ಕೊಂಕಣದವರು ಇದನ್ನು ‘ಜಾಂಭಾ’ ಎನ್ನುತ್ತಾರೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದಲೇ ಈ ಕಲ್ಲಿಗೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದ. ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಇಟ್ಟಿಗೆಯಂತೆ ಸುಡಬೇಕಾಗಿಲ್ಲ. ಕುಮಟೆಯ ಬಳಿ, ಅಘನಾಶಿನಿಯ ದಡದಲ್ಲಿರುವ ಮಿರ್ಜಾನ ಕೋಟೆ ಈ ಕಲ್ಲಿನದೇ. ಶತಮಾನಗಳ ಮಳೆಯನ್ನು ಅದು ಕುಡಿದು ನಿಂತಿದೆ. ನೆಲದ ತೇವ ಮೇಲಕ್ಕೆ ಏರದಂತೆ ಪಂಚಾಂಗಕ್ಕೆ ಮಾತ್ರ ಕಗ್ಗಲ್ಲನ್ನು ಹಾಕುವುದು ಒಳ್ಳೆಯದು. ಕಲ್ಲು ಕಡಿದು ಬಿಟ್ಟ ಹೊಂಡಗಳಲ್ಲಿ ಮಳೆ ನೀರು ತುಂಬಿ ಮಕ್ಕಳಿಗೂ ಜಾನುವಾರುಗಳಿಗೂ ಅಪಾಯವಾಗುವುದುಂಟು. ಪರವಾನಿಗೆಯಿರುವ ಕೋರೆಯಿಂದಲೇ ಕಲ್ಲನ್ನು ಕೊಳ್ಳುವುದು ನಮ್ಮ ಧರ್ಮ.

ಗೋಡೆಯ ಮೇಲ್ಮೈಗೆ ಸುಣ್ಣದ ಗಾರೆ. ಹೊಳೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ನಮ್ಮ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಸುಣ್ಣ ಸುಡಲು ಸುಮಾರು 900 ಡಿಗ್ರಿ ಶಾಖ ಸಾಕು. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಬೇಕು. ಸುಣ್ಣದ ಗಾರೆ ಗಟ್ಟಿಯಾಗುವಾಗ, ಸುಡುವಾಗ ಬಿಟ್ಟ ಇಂಗಾಲಾಮ್ಲದ ಒಂದು ಪಾಲನ್ನು ಗಾಳಿಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಮುಖ್ಯವಾದ ಗುಣ ಇನ್ನೊಂದಿದೆ: ಗೋಡೆಯೊಳಗಿನ ತೇವವನ್ನು ಅದು ಹೊರಗೆ ಬಿಡುತ್ತದೆ. ಸಿಮೆಂಟಿನ ಗಾರೆಯು ತೇವವನ್ನು ಒಳಗೇ ಬಂಧಿಸಿ, ಉಪ್ಪು ಹೂತು, ಪದರ ಪದರವಾಗಿ ಸುಲಿಯುತ್ತದೆ.

ಜಗತ್ತು ಹೊರಸೂಸುವ ಇಂಗಾಲಾಮ್ಲದಲ್ಲಿ ಶೇಕಡಾ ಏಳರಷ್ಟು ಸಿಮೆಂಟಿನ ಪಾಲೆಂದು ಬಲ್ಲವರು ಹೇಳುತ್ತಾರೆ. ಈ ಹೊಗೆಯಿಂದ ಭೂಮಿ ಕಾಯುತ್ತಿದೆ, ಕಡಲು ಏರುತ್ತಿದೆ. ಕಡಲನ್ನು ನೋಡಲೆಂದು ಬರುವವರಿಗಾಗಿ ಕಟ್ಟುವ ಮನೆಯೇ ಕಡಲನ್ನು ಮನೆಯ ಬಾಗಿಲಿಗೆ ಕರೆಯಬಾರದಷ್ಟೆ. ಎಲ್ಲಿ ಕಾಂಕ್ರೀಟು ಅನಿವಾರ್ಯವೋ ಅಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟನ್ನು, ಇಲ್ಲವೇ ಕಲ್ಲಿದ್ದಲಿನ ಹಾರುಬೂದಿ ಬೆರೆತ ಪೊಝೊಲಾನಾ ಸಿಮೆಂಟನ್ನು ಕೇಳಿ ಕೊಳ್ಳಬೇಕು. ಇವು ಉಪ್ಪನ್ನು ಒಳಗೆ ಸುಲಭವಾಗಿ ಬಿಡವು, ಹೊಗೆಯೂ ಕಡಿಮೆ. ಮುಂಬಯಿಯ ಉತ್ತರಕ್ಕೆ ಡಹಾಣುವಿನಲ್ಲಿ, ನಮ್ಮ ಊರಿನ ಕಡೆ ಯೆಲ್ಲೂರಿನಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಿವೆ. ಆ ಬೂದಿ ನಮಗೆ ಹೊಸತಲ್ಲ. ಆದರೆ ಇಂಥ ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನವಾದರೂ ಸಿಹಿನೀರು ಉಣಿಸಬೇಕು.

ಗಾಳಿ, ಬಿದಿರು, ಕಾನೂನು

ಹಳೆಯದೆಲ್ಲವೂ ಹೊನ್ನೆಂದು ಹೇಳಿದರೆ ವಾಚಕರಿಗೆ ಮೋಸ ಮಾಡಿದಂತಾಗುತ್ತದೆ. 2020ರ ಜೂನ್ 3ರಂದು ‘ನಿಸರ್ಗ’ ಚಂಡಮಾರುತ ರಾಯಗಡ ಜಿಲ್ಲೆಯ ತೀರಕ್ಕೆ ಅಪ್ಪಳಿಸಿದಾಗ, 2021ರ ಮೇ ತಿಂಗಳಲ್ಲಿ ‘ತೌಕ್ತೇ’ ಮುಂಬಯಿಯ ಪಕ್ಕದಲ್ಲೇ ಹಾದುಹೋದಾಗ, ಗಂಟೆಗೆ 100 ಕಿಲೋಮೀಟರಿಗೂ ಮೀರಿದ ಗಾಳಿ ಬೀಸಿತು. ಅಂಥ ಗಾಳಿಯೆದುರು ಸುಮ್ಮನೆ ಹಾಸಿದ ಹಂಚು, ತಗಡುಗಳು ಎಲೆಗಳಂತೆ ಹಾರುತ್ತವೆ. ಆದುದರಿಂದ ಮಾಡಿನ ಅಂಚಿನ ಸಾಲುಗಳ ಹಂಚನ್ನು ರೀಪಿಗೆ ತುಕ್ಕು ಹಿಡಿಯದ ತಂತಿಯಿಂದ ಬಿಗಿಯಬೇಕು. ಪಕ್ಕಾಸನ್ನು ಗೋಡೆಗೆ ಭದ್ರವಾಗಿ ಕಟ್ಟಬೇಕು. ನಾಲ್ಕೂ ಕಡೆಗೆ ಇಳಿಜಾರಿರುವ ಮಾಡು ಎರಡು ಕಡೆಯ ಮಾಡಿಗಿಂತ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಗೋಡೆಯ ತಲೆಯ ಮೇಲೆ ಸುತ್ತಲೂ ಒಂದು ಕಾಂಕ್ರೀಟು ಪಟ್ಟಿ ಹಾಯಿಸಿದರೆ ಇನ್ನೂ ಒಳಿತು. ಕಾಂಕ್ರೀಟನ್ನು ಎಲ್ಲಿ ಬಳಸಬೇಕೆಂಬುದಕ್ಕೆ ಇದೊಂದು ನಿದರ್ಶನ.

ಮರಳಿನ ಸಮೀಪದಲ್ಲಿ ಚಹಾದ ಚಪ್ಪರ, ಬಟ್ಟೆ ಬದಲಿಸುವ ಕೋಣೆ ಮೊದಲಾದವನ್ನು ಹಾಕುವುದಿದ್ದರೆ ಬಿದಿರು, ತೆಂಗಿನ ಮಡಲುಗಳೇ ಸಾಕು. ಬಿದಿರು ಮೂರು ನಾಲ್ಕು ವರ್ಷಗಳಲ್ಲಿ ಬಲಿಯುತ್ತದೆ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ ಹುಳ ಹಿಡಿಯದು. ಆದರೆ ಮಳೆ ನೇರವಾಗಿ ಬಡಿದರೆ ಆ ಔಷಧ ತೊಳೆದುಹೋಗುವುದರಿಂದ ಮಾಡಿನ ನೆರಳಿನಲ್ಲಿರಬೇಕು. ಮಡಲನ್ನು ಆಗಾಗ ಹೊಸದಾಗಿ ಹೊದಿಸಬೇಕು. ಒಲೆಯನ್ನು ಅದರ ಅಡಿಯಲ್ಲಿ ಎಂದಿಗೂ ಹೂಡಬಾರದೆಂದು ಭಟ್ಟಿಯ ಕೆಲಸ ಬಲ್ಲ ನಮ್ಮವರಿಗೆ ಹೇಳಬೇಕಾಗಿಲ್ಲ.

ಕಾನೂನೂ ಇದನ್ನೇ ಬಯಸುತ್ತದೆ. ಕೇಂದ್ರ ಸರಕಾರ 2019ರ ಜನವರಿ 18ರಂದು ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ, ಗ್ರಾಮೀಣ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್, ಜನಸಾಂದ್ರತೆ ಹೆಚ್ಚಿರುವಲ್ಲಿ 50 ಮೀಟರ್ ಒಳಗಿನ ಭೂಮಿ ಹೊಸ ನಿರ್ಮಾಣಕ್ಕೆ ನಿಷಿದ್ಧ ವಲಯ. ಅಲ್ಲಿ ಪ್ರವಾಸಿಗರಿಗಾಗಿ ತಾತ್ಕಾಲಿಕ ಸೌಕರ್ಯಗಳಿಗೆ ಮಾತ್ರ ಅವಕಾಶವುಂಟು. ಅವೂ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಅಡಿಪಾಯಕ್ಕೆ ಹಣ ಸುರಿಯುವ ಮೊದಲು ನಿಮ್ಮ ಜಾಗ ಯಾವ ವಲಯದಲ್ಲಿದೆಯೆಂದು ಬರಹದಲ್ಲಿ ಕೇಳಿ ತಿಳಿಯಿರಿ. ಕಚೇರಿಗಳಲ್ಲಿ ಕಾಗದಪತ್ರ ನೋಡಿಕೊಳ್ಳುವ ನಮ್ಮ ಗುಮಾಸ್ತ ಬಂಧುಗಳು ಈ ವಿಷಯದಲ್ಲಿ ಊರವರಿಗೆ ನೆರವಾದರೆ ದೊಡ್ಡ ಉಪಕಾರವಾದೀತು.

ದುಡಿಯುವವನ ಕೋಣೆ

ಒಂದು ಮಾತನ್ನು ಹೇಳದೆ ಮುಗಿಸಲಾರೆವು. ಕಡಲ ಕರೆಯ ಎಷ್ಟೋ ವಸತಿಗೃಹಗಳಲ್ಲಿ ಅತಿಥಿಯ ಕೋಣೆಗೆ ಹಂಚು, ಜಗಲಿ, ತಂಪುಗಾಳಿ. ಹಿತ್ತಿಲ ಮೂಲೆಯಲ್ಲಿ ಕೆಲಸದವರು ಮಲಗುವ ಕೋಣೆಗೆ ಮಾತ್ರ ತಗಡು. ಬೇಸಗೆಯ ರಾತ್ರಿ ತಗಡಿನಡಿಯಲ್ಲಿ ಮಲಗುವುದೆಂದರೇನೆಂಬುದು ಈ ಪತ್ರಿಕೆಯನ್ನು ಓದುವ ಬಹುಮಂದಿಗೆ ಅನುಭವದಿಂದಲೇ ಗೊತ್ತು. ಅಡುಗೆಮನೆಯ ಅಟ್ಟದಲ್ಲಿ, ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿ ಬೆಳೆದವರು ನಾವು. ಮಾಲಿಕರಾದ ದಿನ ಅದನ್ನು ಮರೆತರೆ, ಎಷ್ಟು ಒಳ್ಳೆಯ ಕಲ್ಲಿನಿಂದ ಕಟ್ಟಿದರೂ ಆ ಮನೆ ನಿಂತೀತೇ ಹೊರತು ಬಾಳದು. ಪ್ರಕೃತಿಗೆ ಒಗ್ಗುವ ಮಾಡು ಎಲ್ಲರ ತಲೆಯ ಮೇಲೂ ಇರಲಿ.

ಮೊನ್ನೆ ನಮ್ಮ ಮಿತ್ರರು ನಕ್ಷೆಯನ್ನು ಹಿಡಿದುಕೊಂಡು ಪುನಃ ಬಂದಿದ್ದರು. ಅಳಿಯನೊಡನೆ ಎರಡು ವಾರ ದೂರವಾಣಿಯಲ್ಲಿ ಚರ್ಚೆ ನಡೆಯಿತಂತೆ. ಬಾಲ್ಕನಿ ಹೋಗಿ ಜಗಲಿ ಬಂದಿದೆ, ಗೋಡೆ ಮುರಕಲ್ಲಿನದಾಗಿದೆ, ಮಾಡಿಗೆ ಹಂಚು. ಹುಡುಗರು ಮಲಗುವ ಕೋಣೆಯೂ ಅದೇ ಮಾಡಿನ ಅಡಿಗೆ ಬಂದಿದೆ. ಹಿಂಬದಿಯಲ್ಲಿ ಬಚ್ಚಲಿನ ಮೇಲೆ, ನೀರಿನ ಟಾಂಕಿ ಇಡಲೆಂದು, ಒಂದು ಪುಟ್ಟ ತಾರಸಿ ಮಾತ್ರ ಉಳಿದಿದೆ.

“ಅಷ್ಟಾದರೂ ಬೇಡವೇ ಮಾರಾಯರೇ?” ಎಂದರು.

ಇರಲಿ, ಅದರ ಸರಳಿನ ಮೇಲೆ 45 ಮಿಲ್ಲಿಮೀಟರಿನ ಹೊದಿಕೆಯೂ ಇರಲಿ, ಎಂದೆವು.